ಬಡಬಾಗ್ನಿಗೆ ಸಾಕ್ಷಿ ಯಾರು?

ವಿಜ್ಞಾನಿಗಳೂ ಕಣ್ಣಿಗೆ ಕಾಣದ್ದನ್ನು ನಂಬುತ್ತಾರೆ, ಹಾಗಿರುವಾಗ ಕಾಣದ ದೇವರನ್ನು ನಂಬುವವರನ್ನು ಆಡಿಕೊಳ್ಳುವುದೇಕೆ ಎಂಬ ವಾದ ಪ್ರವಚನಗಳಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ವಿಚಾರವಾದಿಗಳ ಸಿದ್ಧ ಉತ್ತರವೂ ಇದೆ: ವಿಜ್ಞಾನ ನಂಬುವುದಿಲ್ಲ, ಉಪಕರಣ ಹಿಡಿದು ನೋಡುತ್ತದೆ. ನನ್ನ ಮಟ್ಟಿಗೆ ಎರಡೂ ಅವಸರದ ಮಾತು. ಸಮುದ್ರದ ತಳದ ಜ್ವಾಲಾಮುಖಿಯ ಒಡಲನ್ನು ಯಾವ ಉಪಕರಣವೂ ನೋಡಿಲ್ಲ. ಹಾಗೆಂದು ಅದರ ಬಗ್ಗೆ ನಮಗಿರುವ ತಿಳಿವಳಿಕೆ ಬರೀ ನಂಬಿಕೆಯೂ ಅಲ್ಲ. ಅದು ನಮ್ಮ ದರ್ಶನಕಾರರು ಅನುಮಾನಪ್ರಮಾಣ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು, ಎಂದು ಕರೆದ ವರ್ಗಕ್ಕೆ ಸೇರಿದ್ದು. ಯಾವ ಅನುಮಾನ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. (ಕಡಲೊಳಗೆ ಉರಿಯುತ್ತದೆನ್ನುವ ಪುರಾಣದ ಬಡಬಾಗ್ನಿಯನ್ನು ತೋರಿಸಿ, ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎನ್ನುವವರ ಜೊತೆ ಇಲ್ಲಿ ಜಗಳವಿಲ್ಲ. ಅದು ಒಳ್ಳೆಯ ಕಲ್ಪನೆ, ಅಷ್ಟೆ.)

ಗ್ರೀಸಿನ ಸ್ಯಾಂಟೊರಿನಿ ದ್ವೀಪದಿಂದ ಈಶಾನ್ಯಕ್ಕೆ ಸುಮಾರು 7 ಕಿಲೋಮೀಟರ್ ದೂರದಲ್ಲಿ ಕೊಲುಂಬೊ ಎಂಬ ಜ್ವಾಲಾಮುಖಿ ನೀರಿನಡಿ ಮುಳುಗಿದೆ. 1650ರಲ್ಲಿ ಅದು ಸಿಡಿದಾಗ ಸ್ಯಾಂಟೊರಿನಿಯಲ್ಲಿ ಸುಮಾರು 70 ಜನ ಸತ್ತರು. ಅದರ ಬಾಯಿಯ ಅಂಚು ನೀರಿನ ಮಟ್ಟದಿಂದ ಕೇವಲ 18 ಮೀಟರ್ ಕೆಳಗಿದೆ, ತಳ ಸುಮಾರು 500 ಮೀಟರ್ ಆಳದಲ್ಲಿದೆ. 2015ರ ಸರ್ವೆಯಲ್ಲಿ ಹಡಗೊಂದು ಈ ಪ್ರದೇಶದ ಉದ್ದಗಲಕ್ಕೂ ಓಡಾಡುತ್ತ, ಒತ್ತಿಹಿಡಿದ ಗಾಳಿಯನ್ನು ನೀರಿಗೆ ಮತ್ತೆ ಮತ್ತೆ ಸಿಡಿಸಿತು. ಆ ಸದ್ದಿನ ಅಲೆ ನೀರು ದಾಟಿ ಬಂಡೆಯೊಳಗೆ ಇಳಿದು, ಬಾಗಿ, ಕಡಲತಳದಲ್ಲೂ ದ್ವೀಪಗಳ ಮೇಲೂ ಇಟ್ಟಿದ್ದ ಕಂಪನಮಾಪಕಗಳನ್ನು ಮುಟ್ಟಿತು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಹೋಗುತ್ತದೆ. ಗಟ್ಟಿ ಬಸಾಲ್ಟಿನಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಕರಗಿದ ಶಿಲಾರಸ ಸಿಕ್ಕರೆ ಅಲೆಯ ವೇಗ ತಗ್ಗುತ್ತದೆ. 2022ರಲ್ಲಿ ಪ್ರಕಟವಾದ ವಿಶ್ಲೇಷಣೆ ಕೊಲುಂಬೊದ ಕೆಳಗೆ ಸುಮಾರು 2ರಿಂದ 4 ಕಿಲೋಮೀಟರ್ ಆಳದಲ್ಲಿ ಅಂಥ ನಿಧಾನದ ಜಾಗವೊಂದನ್ನು ಗುರುತಿಸಿತು. ಅಲ್ಲಿ ಶಿಲಾರಸದ ಕೋಣೆಯಿದೆ, ಅದು ಬೆಳೆಯುತ್ತಿದೆ ಎಂಬುದು ಅದರ ತೀರ್ಮಾನ.

ಹೊಗೆಯಿಂದ ಬೆಂಕಿ ಎಂಬ ನೈಯಾಯಿಕರ ಮಾದರಿಯೇ ಇದು: ಕಾರ್ಯದಿಂದ ಕಾರಣಕ್ಕೆ ಹೋಗುವುದು. ಪ್ರತ್ಯಕ್ಷವನ್ನಷ್ಟೇ ಒಪ್ಪುವ ಚಾರ್ವಾಕರು ಇಲ್ಲೇ ಕೈ ಅಡ್ಡ ಹಿಡಿಯುತ್ತಾರೆ. ಅಲೆ ನಿಧಾನವಾದಲ್ಲೆಲ್ಲ ಶಿಲಾರಸವೇ ಇರುತ್ತದೆಂದು ಯಾರು ಕಂಡಿದ್ದಾರೆ? ಬಿರುಕುಬಿಟ್ಟು ನೀರು ತುಂಬಿದ ಬಂಡೆಯಲ್ಲೂ ಅಲೆ ನಿಧಾನವಾಗಬಹುದಲ್ಲ? ಆಕ್ಷೇಪ ಸರಿಯಾಗಿಯೇ ಇದೆ, ತಳ್ಳಿಹಾಕುವಂಥದ್ದಲ್ಲ. ಕಡಲತಳದ ಬಂಡೆಯನ್ನು ಓದುವ ಇನ್ನೊಂದು ದಾರಿಯಾದ ಕಾಂತೀಯ ಸರ್ವೆಯ ಪಾಡೂ ಇದೇ. ಹಡಗಿನ ಕಬ್ಬಿಣ ಲೆಕ್ಕ ಕೆಡಿಸದಂತೆ ಕಾಂತಮಾಪಕವನ್ನು ಉದ್ದನೆಯ ಕೇಬಲ್ಲಿಗೆ ಕಟ್ಟಿ ಬಲು ಹಿಂದೆ ಎಳೆದೊಯ್ಯುತ್ತಾರೆ. ತಣಿದ ಬಸಾಲ್ಟಿನ ಮ್ಯಾಗ್ನೆಟೈಟ್ ಕಣಗಳಿಂದ ಕಾಂತಕ್ಷೇತ್ರ ಏರುಪೇರಾಗುತ್ತದೆ. ಸುಮಾರು 580 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಕಣಗಳು ಕಾಂತತ್ವ ಕಳೆದುಕೊಳ್ಳುತ್ತವೆ. ಆದರೆ ಕ್ಷೇತ್ರ ಮಂಕಾದ ಕಡೆ ಶಾಖವೇ ಇರಬೇಕೆಂದೇನಿಲ್ಲ. ಬಿಸಿನೀರು ಹರಿದು ಮ್ಯಾಗ್ನೆಟೈಟ್ ಕೊಳೆತಿರಬಹುದು. ಮೇಲ್ಗಡೆಯ ಚಿಕ್ಕ ಬಂಡೆಯೂ ಆಳದ ದೊಡ್ಡ ಬಂಡೆಯೂ ಮಾಪಕದಲ್ಲಿ ಹೆಚ್ಚುಕಡಿಮೆ ಒಂದೇ ಗೆರೆ ಬರೆಯಬಹುದು. ಒಂದೇ ಅಳತೆಗೆ ಹಲವು ಕಾರಣ ಹೊಂದುವ ಇಂಥ ಹೇತುವನ್ನು, ಅಂದರೆ ಅನುಮಾನಕ್ಕೆ ಆಧಾರವಾದ ಗುರುತನ್ನು, ನಮ್ಮ ತರ್ಕಶಾಸ್ತ್ರ ವ್ಯಭಿಚಾರಿ ಎಂದು ಬಿಟ್ಟುಬಿಡುತ್ತದೆ.

ಹಾಗಾದರೆ ಎರಡು ದೋಷಯುಕ್ತ ಹೇತು ಕೂಡಿದರೆ ಒಂದು ನಿರ್ದೋಷ ಹೇತು ಆಗುತ್ತದೆಯೇ? ಎರಡರ ದೋಷ ಒಂದೇ ಆಗಿದ್ದರೆ ಇಲ್ಲ. ಇಲ್ಲಿ ಹಾಗಿಲ್ಲ. ಅಲೆಯ ವೇಗ ಬಂಡೆಯ ಬಿಗಿತ ಮತ್ತು ಸಾಂದ್ರತೆಗೆ ಕಟ್ಟುಬಿದ್ದದ್ದು, ಕಾಂತಕ್ಷೇತ್ರ ಖನಿಜಕ್ಕೂ ಶಾಖಕ್ಕೂ. ಒಂದನ್ನು ಮೋಸಗೊಳಿಸುವ ಕಾರಣ ಇನ್ನೊಂದನ್ನೂ ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ ಮೋಸಗೊಳಿಸಲೇಬೇಕೆಂದಿಲ್ಲ. ಕೊಲುಂಬೊದಲ್ಲಿ ಮೂರನೆಯ ಸಾಕ್ಷಿಯೂ ಇದೆ: ಬಾಯಿಯ ತಳದಲ್ಲಿ 200 ಡಿಗ್ರಿ ಮೀರಿದ ಬಿಸಿನೀರಿನ ಬುಗ್ಗೆಗಳು. ಅನುಮಾನವೆಂದರೆ ದೋಷವಿಲ್ಲದ ಉಪಪತ್ತಿ ಎಂದು ಮಧ್ವರು ಹೇಳಿದ್ದನ್ನು ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ವಿಸ್ತರಿಸಿದರು. ದೋಷವಿದೆಯೇ ಎಂದು ಹುಡುಕುತ್ತ ಹೋಗುವ ಕೆಲಸವೇ ಭೂಭೌತ ಶಾಸ್ತ್ರದ ಮುಕ್ಕಾಲು ಪಾಲು.

ಇನ್ನೊಂದು ಆಕ್ಷೇಪ ಇದಕ್ಕಿಂತ ಹರಿತ. ಇದೇ ಕೋಣೆ ಹಿಂದಿನ ವಿಧಾನಗಳಿಗೆ ಕಂಡಿರಲಿಲ್ಲವಲ್ಲ, ನಂಬುವುದು ಹೇಗೆ? ಕಾರಣ ಸರಳ. ಶಿಲಾರಸದೊಳಗೆ ಹೋದ ಅಲೆ ತಡವಾಗಿ ಬರುತ್ತದೆ, ಗಟ್ಟಿ ಬಂಡೆಯಲ್ಲಿ ಸುತ್ತುಬಳಸಿ ಹೋದದ್ದು ಮೊದಲು ಮುಟ್ಟುತ್ತದೆ. ಮೊದಲು ಬಂದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದ ವಿಧಾನಕ್ಕೆ ಸಣ್ಣ ಕೋಣೆ ಸಿಗುವಂತಿರಲಿಲ್ಲ. ಅಲೆಯ ಪೂರ್ತಿ ರೂಪವನ್ನು ಓದಿದ ಮೇಲೆ ಸಿಕ್ಕಿತು. ಕಾಣಿಸಬೇಕಾದದ್ದು ಕಾಣಿಸದಿದ್ದರೆ ಮಾತ್ರ ಅದಿಲ್ಲವೆನ್ನಬಹುದು ಎಂದು ಭಾಟ್ಟ ಮೀಮಾಂಸಕರು ಅನುಪಲಬ್ಧಿಗೆ ಹಾಕಿದ ಷರತ್ತು ಇದೇ ಅಲ್ಲವೇ?

ಆಸ್ತಿಕರು ಇಲ್ಲಿ ಥಟ್ಟನೆ ಹೇಳಬಹುದು: ದೇವರೂ ಹಾಗೆಯೇ, ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯಲ್ಲ. ಒಪ್ಪೋಣ. ಆದರೆ ಅದು ಇರುವುದಕ್ಕೂ ಸಾಕ್ಷಿಯಲ್ಲ. ಕೊಲುಂಬೊದ ಅನುಮಾನ ಸೋಲಲು ಸಿದ್ಧವಾಗಿ ನಿಂತಿದೆ. ಮುಂದಿನ ಸರ್ವೆ ಅದನ್ನು ಬೀಳಿಸಬಹುದು. 2022-23ರಲ್ಲಿ ಸ್ಯಾಂಟೊರಿನಿಯ ಸುತ್ತಲಿನ ಕಡಲತಳವನ್ನು ಕೊರೆದು ತೆಗೆದ ಮಾದರಿಗಳ ಜೊತೆ ಅಲೆಗಳಿಂದ ಓದಿದ ಪದರಗಳನ್ನು ಒರೆಗೆ ಹಚ್ಚಿದ್ದೂ ಆಯಿತು. ಪ್ರವಚನದ ದೇವರ ಅನುಮಾನ ಯಾವ ಕೊರೆತಕ್ಕೆ ತಲೆಯೊಡ್ಡುತ್ತದೆ? ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಅನುಮಾನದಿಂದಲೇ ಈಶ್ವರನನ್ನು ಸಾಧಿಸಹೊರಟರು. ರಾಮಾನುಜರೂ ಉಡುಪಿಯ ಮಧ್ವರೂ ಅದನ್ನು ಒಪ್ಪಲಿಲ್ಲ. ಬ್ರಹ್ಮನನ್ನು ತಿಳಿಯಲು ಶಾಸ್ತ್ರವೇ ದಾರಿ, ಅನುಮಾನವೊಂದೇ ಸಾಲದು ಎಂದರು. ಶ್ರದ್ಧೆಗೆ ವಿಜ್ಞಾನದ ಕಾಣದ ವಸ್ತುಗಳನ್ನು ಆಸರೆ ಕೊಡುವವರು ಮೊದಲು ಉತ್ತರ ಹೇಳಬೇಕಾದದ್ದು ನಾಸ್ತಿಕರಿಗಲ್ಲ, ಈ ಇಬ್ಬರು ಆಚಾರ್ಯರಿಗೆ.