ನೋಟದ ಹಿಂದೆ ಯಾರ ಮಾತು

ಫೋನಿನಲ್ಲಿ ಪುಣೆ ಬಳಿಯ ‘ಚಾಕಣ’ ಊರಿನ ಹೆಸರು ಹಾಕಿ ಹುಡುಕಿದರೆ ಒಂದೇ ಪುಟದಲ್ಲಿ ಏನೇನೆಲ್ಲ ಬಂದು ನಿಲ್ಲಬಹುದು ನೋಡಿ. ಒಂದು ನಕ್ಷೆ, ಅದರಲ್ಲಿ ಪುಣೆ–ನಾಸಿಕ ಹೆದ್ದಾರಿಯ ತಳೇಗಾಂವ್ ಚೌಕದ ಬಳಿ ಕೆಂಪು ಗೆರೆ. ಅದರ ಕೆಳಗೆ ಊರಿನ ಕೋಟೆ ಸಂಗ್ರಾಮದುರ್ಗದ ಫೋಟೊ, ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ವಿಡಿಯೊ, ಈರುಳ್ಳಿ ಮಾರುಕಟ್ಟೆಯ ಸುದ್ದಿ, ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂಬ ಪ್ರಕಟಣೆ. 1660ರಲ್ಲಿ ಮೊಗಲ್ ಸರದಾರ ಶಾಯಿಸ್ತಾ ಖಾನನ ಸೇನೆಯನ್ನು ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ ಸುಮಾರು ಎರಡು ತಿಂಗಳು ತಡೆದು ನಿಲ್ಲಿಸಿದ ಕೋಟೆಯೂ ಬಜಾಜ್, ಮಹೀಂದ್ರ ಗಾಡಿಗಳು ಹೊರಬೀಳುವ ಗೇಟೂ ಅಕ್ಕಪಕ್ಕದ ಚೌಕಗಳಲ್ಲಿ ಕೂತಿರುತ್ತವೆ. ಬೆರಳು ಮೇಲೆ ಸರಿಸುತ್ತ ಹೋದವನಿಗೆ ಇವೆಲ್ಲವೂ ಒಂದೇ ಜಾತಿಯ ಉತ್ತರಗಳೆಂದು ಅನ್ನಿಸುತ್ತದೆ. ಅವು ಒಂದೇ ಜಾತಿಯವಲ್ಲ, ಮತ್ತು ಆ ವ್ಯತ್ಯಾಸವನ್ನು ಪುಟವೇ ಅಳಿಸಿಹಾಕುತ್ತಿದೆ ಎಂಬುದು ನನ್ನ ವಾದ.

ಈ ಬೆರಕೆ ಮೊದಲಿನಿಂದ ಇದ್ದದ್ದಲ್ಲ. ಗೂಗಲ್‌ನಲ್ಲಿ ಚಿತ್ರಗಳ ಹುಡುಕಾಟ 2001ರಲ್ಲಿ ಬಂತು. ಸುದ್ದಿ, ನಕ್ಷೆ, ವಿಡಿಯೊಗಳಿಗೂ ಬೇರೆ ಬೇರೆ ಬಾಗಿಲುಗಳಿದ್ದವು. 2007ರ ಮೇ ತಿಂಗಳಲ್ಲಿ ‘ಯೂನಿವರ್ಸಲ್ ಸರ್ಚ್’ ಎಂಬ ಹೆಸರಿನಲ್ಲಿ ಎಲ್ಲವನ್ನೂ ಒಂದೇ ಸಾಲಿಗೆ ತಂದರು. ಸಾಲು ಎಂದಮೇಲೆ ಮೊದಲನೆಯದು, ಎರಡನೆಯದು ಎಂಬ ಕ್ರಮ ಬೇಕು. ಆದರೆ ಒಂದು ಫೋಟೊ ಒಂದು ಲೇಖನಕ್ಕಿಂತ ಹೆಚ್ಚು ಪ್ರಸ್ತುತ ಎಂದು ಯಾವ ಅಳತೆಗೋಲಿನಿಂದ ಹೇಳುವುದು? ಭಾರತದ ಸ್ಪರ್ಧಾ ಆಯೋಗದ ಮುಂದೆ ಬಂದ ಪ್ರಕರಣವೊಂದು ಈ ಗುಟ್ಟನ್ನು ಸ್ವಲ್ಪ ಬಯಲು ಮಾಡಿತು. ಭಾರತ್ ಮ್ಯಾಟ್ರಿಮೋನಿಯ ಕಂಪನಿಯೂ ಕಟ್ಸ್ ಎಂಬ ಗ್ರಾಹಕ ಸಂಘಟನೆಯೂ ಕೊಟ್ಟ ದೂರುಗಳ ಮೇಲೆ ಆಯೋಗ 2018ರ ಫೆಬ್ರುವರಿಯಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. 2010ಕ್ಕೆ ಮೊದಲು ಈ ಬೆರಕೆ ಫಲಿತಾಂಶಗಳು ಒಂದನೆಯ, ನಾಲ್ಕನೆಯ ಇಲ್ಲವೆ ಹತ್ತನೆಯ ಸ್ಥಾನದಲ್ಲೇ ಕಾಣಿಸಿಕೊಳ್ಳುವಂತೆ ಮೊದಲೇ ಗೊತ್ತುಮಾಡಲಾಗಿತ್ತು ಎಂಬುದು ಆ ಆದೇಶದಲ್ಲಿ ದಾಖಲಾಗಿದೆ. ಪ್ರಸ್ತುತತೆಯೇ ಕ್ರಮವನ್ನು ನಿರ್ಧರಿಸುತ್ತದೆ ಎಂದು ಜನ ನಂಬಿದ್ದ ಕಾಲದಲ್ಲಿ ಕುರ್ಚಿಗಳನ್ನು ಮೊದಲೇ ಕಾದಿರಿಸಲಾಗಿತ್ತು.

ದಂಡಕ್ಕಿಂತ ಆಳದ ತೊಡಕು ಬೇರೆ ಇದೆ: ನಮ್ಮ ತಿಳಿವು ಯಾವ ದಾರಿಯಿಂದ ಬಂತೆಂಬುದು. ಅದನ್ನು ಬಿಡಿಸಲು ಭಾರತೀಯ ತರ್ಕಶಾಸ್ತ್ರವಾದ ನ್ಯಾಯದರ್ಶನಕ್ಕೆ ಹೋಗಬೇಕು. ವಾತ್ಸ್ಯಾಯನ ತನ್ನ ನ್ಯಾಯಭಾಷ್ಯದ ಆರಂಭದಲ್ಲೇ ಬೆಂಕಿಯ ಉದಾಹರಣೆ ಕೊಡುತ್ತಾನೆ. ಅಲ್ಲಿ ಬೆಂಕಿಯಿದೆ ಎಂದು ನಂಬಿಕಸ್ಥನೊಬ್ಬ ಹೇಳಿದಾಗ ಆಗುವ ತಿಳಿವು ಶಬ್ದಪ್ರಮಾಣದಿಂದ ಬಂದದ್ದು. ಆ ಕಡೆಗೆ ನಡೆಯುತ್ತ ಹೊಗೆ ಕಂಡು ಬೆಂಕಿಯನ್ನು ಊಹಿಸಿದರೆ ಅದು ಅನುಮಾನಪ್ರಮಾಣ. ಹತ್ತಿರ ಹೋಗಿ ಬೆಂಕಿಯನ್ನೇ ನೋಡಿದರೆ ಪ್ರತ್ಯಕ್ಷ. ಹೀಗೆ ಕಣ್ಣಾರೆ ಕಂಡಮೇಲೆ ತಿಳಿಯಬೇಕೆಂಬ ಬಯಕೆ ಅಲ್ಲಿಗೆ ತಣಿಯುತ್ತದೆ ಎಂದೂ ಅವನು ಹೇಳುತ್ತಾನೆ. ಒಂದೇ ಬೆಂಕಿ, ಮೂರು ದಾರಿ. ಯಾವುದು ಯಾವ ದಾರಿಯಿಂದ ಬಂತೆಂಬುದು ನಡೆದವನಿಗೆ ಗೊತ್ತಿರುತ್ತದೆ, ಏಕೆಂದರೆ ನಡೆದವನು ಅವನೇ.

ಹುಡುಕಾಟದ ಪುಟದಲ್ಲಿ ಈ ನಡಿಗೆ ಇಲ್ಲ. ತಳೇಗಾಂವ್ ಚೌಕದ ಕೆಂಪು ಗೆರೆ ರಸ್ತೆಯ ನೋಟವಲ್ಲ. ಅಲ್ಲಿ ಸಿಕ್ಕಿಕೊಂಡವರ ಜೇಬಿನ ಫೋನುಗಳು ನಿಧಾನವಾದದ್ದರಿಂದ ಯಂತ್ರ ಮಾಡಿದ ಊಹೆ. ಅದು ಹೊಗೆ. ಈರುಳ್ಳಿ ದರ ಯಾರೋ ಹೇಳಿದ ಮಾತು. ಇನ್ನು ಫೋಟೊ? ಅದು ಪ್ರತ್ಯಕ್ಷದಂತೆ ಕಾಣುತ್ತದೆ, ಆದರೆ ಪ್ರತ್ಯಕ್ಷವಲ್ಲ. ‘ಇದು ಚಾಕಣದ ಕೋಟೆ’ ಎಂದು ಯಾರೋ ಬರೆದದ್ದನ್ನು ನಂಬಿಯೇ ನಾನು ಅದನ್ನು ಚಾಕಣದ ಕೋಟೆಯೆಂದು ನೋಡುತ್ತೇನೆ. ಯಂತ್ರವೂ ಬಹುಮಟ್ಟಿಗೆ ಹಾಗೆಯೇ: ಚಿತ್ರದ ಸುತ್ತಲಿನ ಬರಹ, ಕಡತದ ಹೆಸರು, ಅಡಿಬರಹಗಳ ಆಧಾರದಲ್ಲೇ ಚಿತ್ರ ಯಾವುದೆಂದು ತೀರ್ಮಾನಿಸುತ್ತದೆ. ಸಂಗ್ರಾಮದುರ್ಗದಲ್ಲಿ ಇವತ್ತು ಉಳಿದಿರುವುದು ಅಲ್ಪಸ್ವಲ್ಪ ಗೋಡೆ. ಯಾರಾದರೂ ಬೇರೊಂದು ಭವ್ಯ ಕೋಟೆಯ ಚಿತ್ರಕ್ಕೆ ಅದರ ಹೆಸರು ಅಂಟಿಸಿದರೆ ಆ ಚಿತ್ರವೇ ಹೆಚ್ಚು ಒಪ್ಪುವಂತೆ ಕಂಡೀತು. ಚಿತ್ರವೂ ಕೊನೆಗೆ ಶಬ್ದಪ್ರಮಾಣವೇ. ಶಬ್ದಕ್ಕೆ ಆಡಿದವನಿರಬೇಕು, ಅವನು ನಂಬಿಕಸ್ಥನೇ ಎಂದು ನಾವು ಕೇಳಬೇಕು. ಆದರೆ ಕಂಡೆವು ಎನ್ನಿಸಿದ ಕ್ಷಣವೇ ಕೇಳುವ ಬಯಕೆ ತಣಿದುಬಿಡುತ್ತದೆ. ವಾತ್ಸ್ಯಾಯನ ಬೆಂಕಿಯ ಹತ್ತಿರ ಹೋದವನಿಗೆ ಕೊಟ್ಟ ತೃಪ್ತಿಯನ್ನು ಈ ಪುಟ ಕೂತಲ್ಲಿಂದ ಏಳದವನಿಗೂ ಕೊಡುತ್ತಿದೆ.

ಬರಿಯ ಅಕ್ಷರಕ್ಕೂ ಇಂಥ ವೇಷ ಹಾಕಬಹುದು. 2021ರ ಜೂನ್‌ನಲ್ಲಿ, ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಪುಟದ ನೆತ್ತಿಯ ಮೇಲೆ, ಚೌಕ ಕಟ್ಟಿ, ‘ಕನ್ನಡ’ ಎಂದು ತೋರಿಸಿತು. ಎಲ್ಲೋ ಮೂಲೆಯ ತಾಣವೊಂದರ ಹುರುಳಿಲ್ಲದ ಸಾಲು ಅದು. ಪಟ್ಟಿಯ ನಡುವೆ ನೀಲಿ ಕೊಂಡಿಯಾಗಿ ಬಿದ್ದಿದ್ದರೆ ಯಾರೋ ಅವಿವೇಕಿಯ ಮಾತೆಂದು ಬಿಡುತ್ತಿದ್ದೆವು. ಚೌಕದೊಳಗೆ ದೊಡ್ಡ ಅಕ್ಷರದಲ್ಲಿ ಕೂತಾಗ ಆಡಿದವನು ಮರೆಯಾದ, ಮಾತು ತೀರ್ಪಾಯಿತು. ಕನ್ನಡಿಗರು ಸಿಡಿದೆದ್ದರು, ಆಗ ಕರ್ನಾಟಕದ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು, ಕಂಪನಿ ಅದನ್ನು ತೆಗೆದು ಕ್ಷಮೆ ಕೇಳಿತು. ಅದು ತನ್ನ ಅಭಿಪ್ರಾಯವಲ್ಲ ಎಂದೂ ಹೇಳಿತು. ಸಾಲು ಅದರದ್ದಲ್ಲ, ನಿಜ. ಆದರೆ ಚೌಕ ಅದರದ್ದೇ. ಎಲ್ಲಿ, ಎಷ್ಟು ದೊಡ್ಡದಾಗಿ, ಯಾವುದರ ಪಕ್ಕದಲ್ಲಿ ಇಡುವುದು ಎಂಬುದೂ ಒಂದು ಹೇಳಿಕೆ. ಆ ಹೇಳಿಕೆಯ ಹೊಣೆ ಇಟ್ಟವರದ್ದು.

ಹಾಗಾದರೆ ಚಿತ್ರ, ನಕ್ಷೆಗಳನ್ನು ಮತ್ತೆ ಅವುಗಳ ಹಳೆಯ ಬಾಗಿಲುಗಳ ಹಿಂದೆ ಕಳಿಸಬೇಕೇ? ನಾನು ಒಪ್ಪುವುದಿಲ್ಲ. ಕಲಬುರಗಿ, ವಿಜಯಪುರ ಕಡೆಯಿಂದ ಚಾಕಣಕ್ಕೆ ದುಡಿಯಲು ಬಂದು ಮರಾಠಿ ಫಲಕವನ್ನೂ ಇಂಗ್ಲಿಷ್ ಲೇಖನವನ್ನೂ ಓದಲಾರದವನಿಗೆ ದವಾಖಾನೆಯ ದಾರಿ ತೋರಿಸುವುದು ನಕ್ಷೆ, ಯಂತ್ರದ ಕೆಲಸ ಕಲಿಸುವುದು ವಿಡಿಯೊ. ಬರಿಯ ಅಕ್ಷರದ ಪುಟ ಅವನನ್ನು ಹೊರಗಿಟ್ಟಿತ್ತು. ಬೆರಕೆ ಪುಟ ಒಳಗೆ ಕರೆಯಿತು. ಅದಕ್ಕೇ ಅವನಿಗೆ ಮೋಸವಾಗಬಾರದೆಂಬ ಕಾಳಜಿ ಹೆಚ್ಚು ಬೇಕು, ಏಕೆಂದರೆ ತಾಳೆ ನೋಡಲು ಅವನ ಬಳಿ ಬೇರೆ ಬರಹವಿಲ್ಲ.

ಪತ್ರಿಕೆಗಳೂ ಒಂದೇ ಪುಟದಲ್ಲಿ ಫೋಟೊ, ನಕ್ಷೆ, ಸುದ್ದಿ, ಜಾಹೀರಾತು ಬೆರೆಸುತ್ತವೆ. ಆದರೆ 1867ರ ಪತ್ರಿಕಾ ಕಾಯ್ದೆಯ ಕಾಲದಿಂದ ಮುದ್ರಕರ, ಪ್ರಕಾಶಕರ ಹೆಸರನ್ನು ಅಚ್ಚು ಹಾಕಲೇಬೇಕು. ಸಂಪಾದಕರ ಹೆಸರೂ ಪ್ರತಿ ಸಂಚಿಕೆಯಲ್ಲಿ ಕಡ್ಡಾಯವಾಯಿತು. ಪುಟ ಕಟ್ಟಿದ್ದಕ್ಕೆ ಉತ್ತರಿಸುವ ಒಬ್ಬ ಮನುಷ್ಯ ಅಲ್ಲಿದ್ದಾನೆ, ಹುಡುಕಾಟದ ಪುಟದಲ್ಲಿ ಇಲ್ಲ. 2021ರಿಂದ ಗೂಗಲ್, ಫಲಿತಾಂಶದ ಪಕ್ಕದ ಮೂರು ಚುಕ್ಕಿ ಒತ್ತಿದವರಿಗೆ ಆ ತಾಣದ ಬಗ್ಗೆ ಒಂದಷ್ಟು ವಿವರ ಕೊಡಲು ಶುರುಮಾಡಿದೆ. ಒಳ್ಳೆಯದೇ, ಸಾಲದು. ಹೇಳಿದವರು ಯಾರು, ಯಾವಾಗ ಹೇಳಿದ್ದು, ಇದು ಕಂಡದ್ದೋ ಊಹಿಸಿದ್ದೋ ಎಂಬುದು ಒತ್ತದೆಯೇ, ಚಿತ್ರದ ಮೈಮೇಲೆಯೇ ಕಾಣಬೇಕು. ಓದಲಾರದವನಿಗೆ ಅದನ್ನು ಅವನ ಭಾಷೆಯಲ್ಲೇ ದನಿಯಾಗಿ ಕೇಳಿಸುವುದು ಇವತ್ತಿನ ಫೋನಿಗೆ ಕಷ್ಟದ ಕೆಲಸವೇನಲ್ಲ.