ಹಿಂದಿರುಗುವೆನೆಂಬ ಮಾತು

ಪುಣ್ಯಕೋಟಿಯ ಕಥೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಕರುವಿಗೆ ಹಾಲೂಡಿಸಿ ಬರುವೆನೆಂದು ಹಸುವು ಹುಲಿಯನ್ನು ಬೇಡುತ್ತದೆ. ಹುಲಿಯು ಮೊದಲು ನಂಬದೆ, ಕಡೆಗೆ ಮಾತನ್ನೇ ಒತ್ತೆಯಾಗಿ ಹಿಡಿದು ಕಳುಹಿಸಿಕೊಡುತ್ತದೆ. ಹಸುವಿನ ಕೊಟ್ಟಿಗೆಯ ಬೆಲೆಯನ್ನಾಗಲಿ, ಅದು ಹಿಂದಿನ ಆರು ತಿಂಗಳಲ್ಲಿ ಕೊಟ್ಟ ಹಾಲಿನ ಲೆಕ್ಕವನ್ನಾಗಲಿ ಆ ಹುಲಿಯು ಕೇಳಲಿಲ್ಲ. ನಮ್ಮ ನೆರೆಯಲ್ಲಿ ನಡೆದ ಒಂದು ಸಂಗತಿಯು ಈ ಕಥೆಯನ್ನು ಮತ್ತೆ ನೆನಪಿಗೆ ತಂದುದರಿಂದ ಈ ನಾಲ್ಕು ಮಾತುಗಳನ್ನು ಬರೆಯಬೇಕಾಯಿತು.

ನಮ್ಮ ಬೀದಿಯಲ್ಲಿ ಉಪಾಧ್ಯಾಯಿನಿಯಾಗಿದ್ದು ವಿಶ್ರಾಂತಿ ಪಡೆದಿರುವ ಒಬ್ಬ ತಾಯಿಯಿದ್ದಾರೆ. ಅವರ ಒಬ್ಬಳೇ ಮಗಳು ಗಂಡನೊಡನೆ ಪರದೇಶದಲ್ಲಿರುವಳು. ಚೊಚ್ಚಲ ಹೆರಿಗೆಗೆ ಮಗಳು ತೌರಿಗೆ ಬರಲಾಗದಿದ್ದುದರಿಂದ ತೌರೇ ಮಗಳ ಬಳಿಗೆ ಹೋಗಬೇಕಾಯಿತು. ರಹದಾರಿ, ಬ್ಯಾಂಕಿನ ಪುಸ್ತಕ, ಮನೆಯ ಕಂದಾಯದ ರಸೀತಿ, ಅಳಿಯನ ಸಂಬಳದ ಪತ್ರ, ಇವನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ವೀಸಾ ಎಂಬ ಪ್ರವೇಶಾನುಮತಿಗಾಗಿ ಹೋದರು. ಪ್ರಯಾಣವೇತಕ್ಕೆಂದು ಅಧಿಕಾರಿಯು ಕೇಳಿದಾಗ "ಮಗಳ ಬಾಣಂತನಕ್ಕೆ" ಎಂದರು. ಎರಡು ನಿಮಿಷಗಳಲ್ಲಿ ಅರ್ಜಿ ತಿರಸ್ಕೃತವಾಯಿತು. ಯಾವ ದೇಶದ ಕಚೇರಿಯೆಂಬುದು ಇಲ್ಲಿ ಅನಾವಶ್ಯಕ. ತಿಳಿದವರೆನಿಸಿಕೊಂಡ ಬಂಧುಗಳು, "ಬಾಣಂತನವೆಂದರೆ ಅವರ ಕಿವಿಗೆ ದಾದಿಯ ಕೆಲಸವೆಂದು ಕೇಳಿಸುತ್ತದೆ, ಊರು ನೋಡಲು ಹೋಗುತ್ತೇನೆನ್ನಿ" ಎಂದು ಬುದ್ಧಿ ಹೇಳಿದರು. ಎರಡನೆಯ ಸಲ ಆಕೆ ಹಾಗೆಯೇ ಹೇಳಿದರು, ಅನುಮತಿ ದೊರೆಯಿತು. ಹೋದರು, ಮಗಳಿಗೂ ಕೂಸಿಗೂ ಎಣ್ಣೆನೀರು ಹಾಕಿದರು, ಹೇಳಿದ ದಿನಕ್ಕೆ ಸರಿಯಾಗಿ ಹಿಂದಿರುಗಿದರು. ಬಂದ ಮೇಲೆ ನನ್ನನ್ನು ಕರೆದು, "ರಾಯರೇ, ಮೂವತ್ತು ವರ್ಷ ಮಕ್ಕಳಿಗೆ ಪುಣ್ಯಕೋಟಿಯ ಪದ್ಯ ಕಲಿಸಿದವಳು ನಾನು. ಬರುತ್ತೇನೆಂದ ಮಾತನ್ನು ನಡೆಸಿದೆ, ನಿಜ. ಆದರೆ ಹೋಗುವುದಕ್ಕೆ ಹೇಳಿದ ಕಾರಣ ಸುಳ್ಳಾಯಿತಲ್ಲ?" ಎಂದು ಕೇಳಿದರು. ನಾನು ಕೂಡಲೇ ಉತ್ತರ ಕೊಡಲಾರದೆ ಹೋದೆನು.

ಬಾಗಿಲಿಗೆ ಬಂದವರನ್ನು ಯಾರೆಂದು, ಏಕೆ ಬಂದಿರೆಂದು ಕೇಳುವ ಅಧಿಕಾರವು ಮನೆಯವನಿಗುಂಟು, ಇದನ್ನು ಅಲ್ಲಗಳೆಯುವಂತಿಲ್ಲ. ಜರ್ಮನಿಯ ತತ್ತ್ವಜ್ಞ ಕಾಂಟನು 1795ರಲ್ಲಿ ಶಾಶ್ವತ ಶಾಂತಿಯನ್ನು ಕುರಿತು ಬರೆದ ಗ್ರಂಥದಲ್ಲಿ, ಭೂಮಿಯು ಎಲ್ಲರಿಗೂ ಸಮಾನವಾದುದರಿಂದ ಪರನಾಡಿಗೆ ಸಂದರ್ಶಕನಾಗಿ ಹೋಗುವ ಹಕ್ಕು ಪ್ರತಿಯೊಬ್ಬನಿಗೂ ಇದೆಯೆಂದೂ, ಅತಿಥಿಯಾಗಿ ನೆಲೆಸುವ ಹಕ್ಕು ಮಾತ್ರ ಇಲ್ಲವೆಂದೂ, ಪ್ರಾಣಾಪಾಯವಾಗದಿದ್ದರೆ ಬಂದವನನ್ನು ಹಿಂದಕ್ಕೆ ಕಳುಹಿಸಬಹುದೆಂದೂ ಹೇಳಿದನು. ಭೇಟಿಯೆಂದು ಬಂದು ನೆಲೆಯೂರುವವರು ಇಲ್ಲವೆಂದಲ್ಲ. ಅಮೆರಿಕದ ಸರ್ಕಾರದ ಲೆಕ್ಕದಂತೆ, 2016ರ ಹಣಕಾಸಿನ ವರ್ಷದಲ್ಲಿ ವಿಮಾನ ಹಡಗುಗಳ ಮೂಲಕ ಬಂದು ಹೊರಡಬೇಕಾಗಿದ್ದ ಸುಮಾರು 5 ಕೋಟಿ ಪ್ರವೇಶಗಳಲ್ಲಿ ಅವಧಿ ಮೀರಿದವು ನೂರಕ್ಕೆ ಒಂದೂವರೆಯಷ್ಟು. ಮಿಕ್ಕವರೆಲ್ಲ ಮಾತಿನಂತೆ ನಡೆದುಕೊಂಡರೆಂಬುದೂ ಅದೇ ಲೆಕ್ಕದಿಂದ ತಿಳಿಯುತ್ತದೆ.

ಆ ದೇಶದ ಹೆಸರನ್ನೆತ್ತಿದುದಕ್ಕೆ ಕಾರಣವುಂಟು. ಅನೇಕ ದೇಶಗಳ ಕಚೇರಿಗಳು ಮನಸ್ಸಿನಲ್ಲಿಟ್ಟುಕೊಳ್ಳುವ ಸಂಶಯವನ್ನು ಅಲ್ಲಿಯ 1952ರ ವಲಸೆಯ ಶಾಸನವು ತನ್ನ 214ನೆಯ ಪ್ರಕರಣದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದೆ: ಸಂದರ್ಶಕನೆಂದು ಅರ್ಜಿ ಹಾಕುವ ಪರದೇಶಿಯು, ತಾನು ಸಂದರ್ಶಕನೇ ಎಂದು ಅಧಿಕಾರಿಗೆ ಒಪ್ಪಿಗೆಯಾಗುವಂತೆ ತೋರಿಸುವವರೆಗೆ, ನೆಲೆಸಲು ಬರುವವನೆಂದೇ ಭಾವಿಸಲ್ಪಡತಕ್ಕದ್ದು. ಕಳ್ಳತನದ ಆಪಾದನೆಗೆ ಗುರಿಯಾದವನನ್ನು ಸಹ ಅಪರಾಧ ಸ್ಥಾಪಿತವಾಗುವವರೆಗೆ ನಿರಪರಾಧಿಯೆಂದು ತಿಳಿಯುವ ನ್ಯಾಯವು ಇಲ್ಲಿ ತಲೆಕೆಳಗಾಗಿದೆ. 2023ರ ಜೂನಿನಲ್ಲಿ 185 ಡಾಲರಿಗೆ ಏರಿದ ಅರ್ಜಿಯ ಶುಲ್ಕವು ತಿರಸ್ಕೃತನಿಗೆ ಹಿಂದೆ ಬಾರದು. ಆ ತೀರ್ಮಾನದ ಮೇಲೆ ಅಪೀಲೂ ಇಲ್ಲ. ಇದಕ್ಕಿಂತ ವಿಚಿತ್ರವೆಂದರೆ, 1990ರ ತಿದ್ದುಪಡಿಯಿಂದ ವಿಶೇಷ ವಿದ್ಯೆಯುಳ್ಳ ಕೆಲವು ವರ್ಗದ ಉದ್ಯೋಗಿಗಳಿಗೆ ಈ ಸಂಶಯವು ಅನ್ವಯಿಸದು. ದುಡಿಯಲು ಹೋದ ಮಗನ ಮೇಲೆ ಇಲ್ಲದ ಸಂಶಯವು ಅವನನ್ನು ನೋಡಲು ಹೋಗುವ ತಾಯಿಯ ಮೇಲೆ ಇದೆ!

ಇದನ್ನು ಹೋಗಲಾಡಿಸುವ ಸಾಧನವಾದರೂ ಯಾವುದು? ಮನೆ, ಹೊಲ, ಠೇವಣಿ, ಊರಿನಲ್ಲುಳಿದ ಬಂಧುಗಳು. ಇವು ಮನುಷ್ಯನಿಗೆ ಏನಿದೆಯೆಂಬುದನ್ನು ತಿಳಿಸುವುವೇ ಹೊರತು ಅವನು ಎಂತಹವನೆಂಬುದನ್ನು ತಿಳಿಸಲಾರವು. "ಹಿಂದಿರುಗುವೆನು" ಎಂಬುದು ನಾಳೆ ಮಳೆ ಬರುವುದೆಂಬಂತಹ ಭವಿಷ್ಯವಲ್ಲ, ಪ್ರತಿಜ್ಞೆ. ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ಬಳಿಕ ತನ್ನ ಮನಸ್ಸು ಎತ್ತ ಎಳೆಯುವುದೋ ಆ ತಾಯಿಗೂ ಮುಂಚಿತವಾಗಿ ತಿಳಿಯದು. ತಿಳಿಯದಿದ್ದರೂ ಬರುವೆನೆಂದು ತನ್ನನ್ನು ಕಟ್ಟಿಕೊಳ್ಳುವುದರಲ್ಲಿಯೇ ಮಾತಿನ ಬೆಲೆಯಿದೆ. ಪುಣ್ಯಕೋಟಿಯು ಕರುವನ್ನು ಬಿಟ್ಟು ಹುಲಿಯ ಬಳಿಗೆ ಹಿಂದಿರುಗಿತು. ನಮ್ಮ ನೆರೆಯವರು ಮಗುವನ್ನು ಬಿಟ್ಟು ಬೀಗ ಹಾಕಿದ ಮನೆಗೆ ಹಿಂದಿರುಗಿದರು. ಬ್ಯಾಂಕಿನ ಪುಸ್ತಕದಲ್ಲಿ ಅದು ಬರೆದಿರಲಿಲ್ಲ.

ಹಾಗಾದರೆ ನಂಬದವನಿಗೆ ನಿಜ ಹೇಳಬೇಕಾದ ಋಣವಿಲ್ಲವೆನ್ನೋಣವೆ? ಸಂದರ್ಶನದ ಹಕ್ಕನ್ನು ಎತ್ತಿಹಿಡಿದ ಕಾಂಟನೇ 1797ರ ಲೇಖನವೊಂದರಲ್ಲಿ, ಮಿತ್ರನನ್ನು ಕೊಲ್ಲಲು ಬಾಗಿಲಿಗೆ ಬಂದವನಿಗೂ ಸುಳ್ಳಾಡಲಾಗದೆಂದು ವಾದಿಸಿದನು. ನಮ್ಮ ಮಹಾಭಾರತದ ಕರ್ಣಪರ್ವದಲ್ಲಿ ಬರುವ ಕೌಶಿಕನಾದರೋ, ಅಡಗಿದವರ ದಾರಿಯನ್ನು ದರೋಡೆಗಾರರಿಗೆ ಸತ್ಯವಾಗಿ ತಿಳಿಸಿ ನರಕಕ್ಕೆ ಹೋದನು. ಕೌಶಿಕನ ಕಥೆಯೇ ನನಗೆ ಹೆಚ್ಚು ಒಪ್ಪಿಗೆ. ಆದರೆ ಅದನ್ನು ಇಲ್ಲಿಗೆ ಎಳೆದು ತರುವುದು ನ್ಯಾಯವಲ್ಲ. ವೀಸಾ ಕೊಡುವ ಅಧಿಕಾರಿಯು ದರೋಡೆಗಾರನಲ್ಲ. ಸಾಲಾಗಿ ಬರುವ ಮುಖಗಳನ್ನು ಗಾಜಿನಾಚೆಯಿಂದ ನೋಡಿ ದಣಿದ ಮನುಷ್ಯ. ಸುಳ್ಳಿನ ನಷ್ಟವು ಅವನಿಗಿಂತ ಹೆಚ್ಚಾಗಿ ಸಾಲಿನಲ್ಲಿ ಹಿಂದೆ ನಿಂತ ಇನ್ನೊಬ್ಬ ತಾಯಿಗೆ. ಹತ್ತು ಮಂದಿ ಬಾಣಂತನಕ್ಕೆ ಹೋಗುತ್ತ ಊರು ನೋಡಲೆಂದು ಹೇಳಿದರೆ, ನಿಜವಾಗಿ ಊರು ನೋಡಲು ಹೊರಟವಳನ್ನೂ ನಂಬುವವರಿಲ್ಲ; ಬಾಣಂತನವೆಂದೇ ಹೇಳುವ ಹನ್ನೊಂದನೆಯವಳು ವಿಚಿತ್ರಳಾಗಿ ಕಾಣುವಳು. ಸಿಕ್ಕಿಬಿದ್ದ ಸುಳ್ಳು ಬಾಗಿಲನ್ನು ಶಾಶ್ವತವಾಗಿ ಮುಚ್ಚಬಹುದೆಂಬುದು ಬೇರೆ ಮಾತು. ಭಯದಿಂದ ಆಡುವ ಸತ್ಯವನ್ನು ನಾನಿಲ್ಲಿ ವಿಚಾರಿಸುತ್ತಿಲ್ಲ.

ಇಷ್ಟನ್ನು ಆಕೆಗೆ ಒಂದು ವಾರದ ಮೇಲೆ ಹೇಳಿದೆನು. ಆಕೆ ಸುಮ್ಮನೆ ಕೇಳಿ, "ನಿಮಗೆ ಹೇಳುವುದು ಸುಲಭ. ಅವಳಿಗೆ ನೋವು ಬಂದ ರಾತ್ರಿ ನಾನು ಇಲ್ಲಿ ಕುಳಿತಿದ್ದರೆ?" ಎಂದರು. ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಮಗಳು ಮತ್ತೆ ಗರ್ಭಿಣಿ. ಹೊಸ ಅರ್ಜಿಯನ್ನು ತುಂಬಿಕೊಡಬೇಕೆಂದು ಆಕೆ ನನ್ನನ್ನು ಕರೆಸಿದರು. ಪ್ರಯಾಣದ ಉದ್ದೇಶವನ್ನು ಬರೆಯುವ ಸ್ಥಳಕ್ಕೆ ಬಂದಾಗ ನಾನು ಕೈ ನಿಲ್ಲಿಸಿ ಅವರ ಮುಖವನ್ನು ನೋಡಿದೆನು. "ಬಾಣಂತನಕ್ಕೆ ಅವರ ಭಾಷೆಯಲ್ಲಿ ಏನನ್ನುತ್ತಾರೋ ಅದನ್ನೇ ಬರೆಯಿರಿ" ಎಂದರು. ಒಂದು ಪದದಲ್ಲಿ ಹೇಳಲು ತೋಚದೆ, ಹೆರಿಗೆಯಾಗುವ ಮಗಳನ್ನೂ ಕೂಸನ್ನೂ ನೋಡಿಕೊಳ್ಳಲು, ತಾಯಿಯಾಗಿ, ಸಂಬಳವಿಲ್ಲದೆ, ಮೂರು ತಿಂಗಳು ಎಂದು ಬರೆದೆನು. ಅರ್ಜಿ ಹೋಗಿದೆ, ಕರೆಯು ಇನ್ನೂ ಬಂದಿಲ್ಲ.