ಜಡವಸ್ತುವಿನ ಹಿಂದಿರುವ ಜೀವರು

ಮನುಷ್ಯನು ತಾನು ನಿತ್ಯವೂ ಬಳಸುವ ಉಪಕರಣಗಳ ವಿಷಯದಲ್ಲಿ ಯಾರಿಗಾದರೂ ಋಣಿಯಾಗಿರುತ್ತಾನೆಯೇ? ಬೆಲೆ ಕೊಟ್ಟು ಕೊಂಡ ಮೇಲೆ ಅವನ ಹೊಣೆ ತೀರಿಹೋಗುವುದೇ? ಅಥವಾ ಬೆಲೆಯಿಂದ ತೀರದ ಕರ್ತವ್ಯವೊಂದು ಆ ವಸ್ತುವಿನೊಡನೆಯೇ ಮನೆಯೊಳಗೆ ಬರುವುದೇ? ಪ್ರಶ್ನೆ ಹಳೆಯದು. ಆದರೆ ಮೊಬೈಲ್ ಫೋನು ಮನೆಮನೆಯನ್ನೂ ಸೇರಿರುವ ಈ ಕಾಲದಲ್ಲಿ ಇದನ್ನು ಪುನಃ ವಿಚಾರಿಸುವುದು ಅವಶ್ಯವಾಗಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ವಾಸಿಸುವ ನಮಗೆ ಇದು ದೂರದ ವಿಷಯವೂ ಅಲ್ಲ. ಅದರ ಕಾರಣವನ್ನು ಮುಂದೆ ನಿವೇದಿಸುತ್ತೇವೆ.

ನಮ್ಮ ಹಿರಿಯರ ಕಾಲದಲ್ಲಿ ಮನೆಗೊಂದು ಗಡಿಯಾರ, ಅನುಕೂಲವಂತರಲ್ಲಿ ಒಂದು ರೇಡಿಯೋ, ಗೋಡೆಯ ಮೊಳೆಗೆ ತೂಗುಬಿಟ್ಟ ಪಂಚಾಂಗ, ಇಷ್ಟೇ ಉಪಕರಣಗಳಿದ್ದುವು. 1961ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿದ ಮೇಲೆ, ಉಪನಯನಕ್ಕೋ ವಿವಾಹಕ್ಕೋ ಒಂದು ಕೈಗಡಿಯಾರವನ್ನು ಉಡುಗೊರೆಯಾಗಿ ಕೊಡುವುದು ಅನೇಕ ಕುಟುಂಬಗಳಲ್ಲಿ ರೂಢಿಯಾಯಿತು. ಹಾಗೆ ಬಂದ ಗಡಿಯಾರ ಮೂವತ್ತು ನಲವತ್ತು ವರ್ಷ ನಡೆಯುತ್ತಿತ್ತು, ನಿಂತರೆ ರಿಪೇರಿಯಾಗುತ್ತಿತ್ತು. 1995ರ ಜುಲೈ 31ರಂದು ನಮ್ಮ ದೇಶದಲ್ಲಿ ಮೊದಲನೆಯ ಮೊಬೈಲ್ ಕರೆ ನಡೆಯಿತು. ಅಲ್ಲಿಂದೀಚೆಗೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಗಡಿಯಾರ, ರೇಡಿಯೋ, ಪಂಚಾಂಗ, ಟಾರ್ಚು, ಕ್ಯಾಮೆರಾ, ಅಂಚೆ ಎಲ್ಲವೂ ಅಂಗೈಯಗಲದ ಒಂದೇ ವಸ್ತುವಿನಲ್ಲಿ ಅಡಗಿವೆ. ಬ್ರಾಹ್ಮೀ ಮುಹೂರ್ತಕ್ಕೆ ಎಬ್ಬಿಸುವುದೂ ಅದೇ. ಹರಿವಾಸರದ ಅವಧಿಯನ್ನು ತಿಳಿಸುವುದೂ ಅದೇ. ಹೊರದೇಶದಲ್ಲಿರುವ ಮಗನಿಗೆ ಮನೆಯ ಪೂಜೆಯ ಮಂಗಳಾರತಿಯನ್ನು ತೋರಿಸುವುದೂ ಅದೇ. ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಧಾರಣೆ ಏನಿದೆಯೆಂದು ರೈತನು ಹೊಲದಲ್ಲಿಯೇ ನಿಂತು ಅರಿಯುವುದೂ ಅದರಿಂದಲೇ. ಇಷ್ಟು ಉಪಕಾರಿಯಾದುದನ್ನು ಕೇವಲ ಅನಿಷ್ಟವೆಂದು ತಳ್ಳಿಹಾಕುವುದು ವಿವೇಕವಲ್ಲ.

ಆದರೂ ಮನೆಗಳಲ್ಲಿ ಒಂದು ದೂರು ಸದಾ ಕೇಳಿಬರುತ್ತದೆ: "ಈ ಫೋನು ನಮ್ಮ ಮಕ್ಕಳನ್ನು ಕೆಡಿಸಿತು." ಈ ಮಾತನ್ನು ತತ್ತ್ವದ ದೃಷ್ಟಿಯಿಂದ ಸ್ವಲ್ಪ ಪರಿಶೀಲಿಸೋಣ. ಶ್ರೀಮದಾಚಾರ್ಯರು ಉಪದೇಶಿಸಿದ ಪಂಚಭೇದಗಳಲ್ಲಿ ಜೀವ ಮತ್ತು ಜಡಗಳ ಭೇದವೂ ಒಂದು. ಜಡಕ್ಕೆ ಜ್ಞಾನವಿಲ್ಲ, ಇಚ್ಛೆಯಿಲ್ಲ, ಪ್ರಯತ್ನವಿಲ್ಲ. ಇಚ್ಛೆಯಿಲ್ಲದುದು ಯಾರನ್ನಾದರೂ ಕೆಡಿಸುವುದೆಂದರೇನು? ಕುಡುಗೋಲು ಪೈರನ್ನೂ ಕೊಯ್ಯುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಅದಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಆದ್ದರಿಂದ ಫೋನನ್ನು ನಿಂದಿಸುವವರು ಜಡದ ಮೇಲೆ ಜೀವಧರ್ಮವನ್ನು ಹೊರಿಸಿದಂತಾಗುತ್ತದೆ.

ಹಾಗೆಂದು ವಿಚಾರ ಇಲ್ಲಿಗೆ ಮುಗಿಯುವುದಿಲ್ಲ. ಆ ಜಡವಸ್ತು ತಾನಾಗಿ ಹುಟ್ಟಿದುದಲ್ಲ. ಅದರ ಹಿಂದೆ ಜೀವರಿದ್ದಾರೆ, ಮತ್ತು ಅವರು ಎರಡು ವಿಧ. ನಮ್ಮ ದೃಷ್ಟಿ ಅದರಿಂದ ಕದಲದಂತೆ, ಒಂದು ಚಿತ್ರ ಮುಗಿಯುವ ಮುನ್ನವೇ ಇನ್ನೊಂದು ಬರುವಂತೆ ಯೋಚಿಸಿ ಏರ್ಪಡಿಸಿದವರು ಒಂದು ವಿಧ. ಅವರ ಲಾಭವಿರುವುದು ನಮ್ಮ ಮನಸ್ಸಿನ ಚಾಂಚಲ್ಯದಲ್ಲಿ. ಇವರ ವಿಷಯದಲ್ಲಿ ಎಚ್ಚರವಿರಬೇಕೆಂದು ಉಪನ್ಯಾಸಗಳಲ್ಲಿ ಆಗಾಗ ಕೇಳುತ್ತಲೇ ಇದ್ದೇವೆ. ಇನ್ನೊಂದು ವಿಧದವರು, ತಮ್ಮ ಕೈಗಳಿಂದ ಆ ವಸ್ತುವನ್ನು ಜೋಡಿಸಿದವರು. ಇವರ ಮಾತನ್ನು ಯಾರೂ ಎತ್ತುವುದಿಲ್ಲ. ಈ ಲೇಖನದ ಉದ್ದೇಶ ಅವರನ್ನು ಸ್ಮರಣೆಗೆ ತರುವುದು.

ಕೋಲಾರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನರಸಾಪುರವೆಂಬ ಊರಿದೆ. ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ತೈವಾನಿನ ವಿಸ್ಟ್ರಾನ್ ಸಂಸ್ಥೆ, ಅಮೆರಿಕದ ಆ್ಯಪಲ್ ಸಂಸ್ಥೆಗಾಗಿ ಐಫೋನುಗಳನ್ನು ಜೋಡಿಸುವ ಕಾರ್ಖಾನೆಯನ್ನು 2020ರಲ್ಲಿ ನಡೆಸತೊಡಗಿತು. ಕೆಲವೇ ತಿಂಗಳುಗಳಲ್ಲಿ ಸಾವಿರಾರು ತರುಣ ತರುಣಿಯರು ಅಲ್ಲಿ ಕೆಲಸಕ್ಕೆ ಸೇರಿದರು. ಬಹುಮಂದಿ ಗುತ್ತಿಗೆದಾರರ ಮೂಲಕ ನೇಮಕಗೊಂಡವರು. ಅದೇ ವರ್ಷದ ಡಿಸೆಂಬರ್ 12ರ ಬೆಳಿಗ್ಗೆ ಪಾಳಿ ಬದಲಾಗುವ ಸಮಯದಲ್ಲಿ, ಸಂಬಳ ಸರಿಯಾಗಿ ಬಂದಿಲ್ಲವೆಂಬ ಅಸಮಾಧಾನ ಸ್ಫೋಟಗೊಂಡು ಕಾರ್ಖಾನೆಯಲ್ಲಿ ದೊಡ್ಡ ಗಲಭೆಯಾಯಿತು. ಗಾಜುಗಳು ಒಡೆದುವು, ವಾಹನಗಳು ಉರುಳಿದುವು, ಅನೇಕರು ಬಂಧನಕ್ಕೊಳಗಾದರು.

ಒಂದು ವಾರದ ಬಳಿಕ ವಿಸ್ಟ್ರಾನ್ ಸಂಸ್ಥೆ, ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿಯೂ ಸಕಾಲದಲ್ಲಿಯೂ ಸಂದಿರಲಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು; ಭಾರತದ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ತನ್ನ ಉಪಾಧ್ಯಕ್ಷರನ್ನು ಆ ಸ್ಥಾನದಿಂದ ತೆಗೆಯಿತು. ದುಡಿದ ಗಂಟೆಗಳನ್ನು ನಿರ್ವಹಿಸುವ ಕ್ರಮ ಸರಿಯಾಗಿಲ್ಲದುದರಿಂದ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೆಲವರ ಸಂಬಳ ತಡವಾಯಿತೆಂದು ಆ್ಯಪಲ್ ಸಂಸ್ಥೆಯೂ ಹೇಳಿ, ಲೋಪಗಳು ತಿದ್ದುಪಡಿಯಾಗುವವರೆಗೆ ವಿಸ್ಟ್ರಾನಿಗೆ ಹೊಸ ಕೆಲಸವನ್ನು ಕೊಡದೆ ನಿಲ್ಲಿಸಿತು. ಕಾರ್ಖಾನೆ 2021ರಲ್ಲಿ ಪುನಃ ತೆರೆಯಿತು. 2023ರ ಕೊನೆಗೆ ಅದು ಟಾಟಾ ಸಮೂಹದ ಕೈಸೇರಿತು.

ಇದರಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಅಲ್ಲಿ ತಯಾರಾಗುತ್ತಿದ್ದ ವಸ್ತು ಕ್ಷಣಕ್ಷಣದ ಲೆಕ್ಕವನ್ನು ತಪ್ಪದೆ ಇಡುವಂಥದು. ಅದನ್ನು ಕೊಂಡವನು ಎಷ್ಟು ಹೆಜ್ಜೆ ನಡೆದನು, ಎಷ್ಟು ಹೊತ್ತು ನಿದ್ರಿಸಿದನು ಎಂಬುದನ್ನೂ ಅದು ಹೇಳಬಲ್ಲದು. ಅದನ್ನು ಜೋಡಿಸಿದವಳು ಎಷ್ಟು ಗಂಟೆ ನಿಂತು ದುಡಿದಳೆಂಬುದರ ಲೆಕ್ಕ ಮಾತ್ರ ಸರಿಯಾಗಿ ಉಳಿಯಲಿಲ್ಲ.

ಇಲ್ಲಿ ಓದುಗರಲ್ಲಿ ಎರಡು ಆಕ್ಷೇಪಗಳು ಮೂಡಬಹುದು. ಕಾರ್ಖಾನೆಯನ್ನು ಒಡೆದವರನ್ನು ಸಮರ್ಥಿಸುವುದೇ ಎಂಬುದು ಮೊದಲನೆಯದು. ಸಮರ್ಥಿಸುವುದಿಲ್ಲ. ಪರರ ಸೊತ್ತನ್ನು ನಾಶಮಾಡುವುದು ಅಧರ್ಮವೇ. ಆದರೆ ದುಡಿದವನ ಕೂಲಿಯನ್ನು ತಡೆಯುವುದೂ ಅಧರ್ಮವೇ. ಒಂದನ್ನು ಕಂಡು ಇನ್ನೊಂದಕ್ಕೆ ಕಣ್ಣು ಮುಚ್ಚುವುದು ನ್ಯಾಯವಲ್ಲ. ನಮ್ಮ ಧರ್ಮಶಾಸ್ತ್ರಕಾರರು ಇದನ್ನು ಮರೆತವರಲ್ಲ. ಮನುಸ್ಮೃತಿಯಲ್ಲಿ ಹದಿನೆಂಟು ವ್ಯವಹಾರಪದಗಳನ್ನು, ಎಂದರೆ ರಾಜನು ವಿಚಾರಿಸತಕ್ಕ ವ್ಯಾಜ್ಯಗಳ ಬಗೆಗಳನ್ನು ಹೇಳುವಾಗ, ವೇತನವನ್ನು ಕೊಡದಿರುವುದನ್ನು ಪ್ರತ್ಯೇಕವಾದ ಒಂದು ಪದವೆಂದೇ ಎಣಿಸಿದೆ. ಸಾಲ, ಠೇವಣಿ, ಗಡಿಯ ಜಗಳಗಳ ಸಾಲಿನಲ್ಲಿಯೇ ಕೂಲಿಯವನ ಬಾಕಿಗೂ ಸ್ಥಾನವಿತ್ತು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. "ಸಂಬಳ ಕೊಡಬೇಕಾದವನು ಕಾರ್ಖಾನೆಯ ಯಜಮಾನ. ನಾವು ಅಂಗಡಿಯವನು ಹೇಳಿದ ಬೆಲೆಯನ್ನು ಕೊಟ್ಟಿದ್ದೇವೆ. ನಮ್ಮ ಕೈಯಲ್ಲಿರುವ ಫೋನು ನರಸಾಪುರದ್ದೆಂಬ ನಿಯಮವೂ ಇಲ್ಲ. ನಮಗೇನು ಬಾಧ್ಯತೆ?" ಎಂದು ಕೇಳಬಹುದು. ನರಸಾಪುರದ್ದಲ್ಲದಿದ್ದರೆ ಅದು ಶ್ರೀಪೆರಂಬುದೂರಿನದೋ, ನೋಯ್ಡಾದ್ದೋ, ಚೀನ ದೇಶದ್ದೋ ಆಗಿದ್ದೀತು. ಅಲ್ಲಿಯೂ ಅಂಥವೇ ಕೈಗಳಿವೆ. ಅದರ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಲೋಹದ ಬಹುಪಾಲು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ. ಅಲ್ಲಿಯ ಕೆಲವು ಗಣಿಗಳಲ್ಲಿ ಮಕ್ಕಳೂ ದುಡಿದಿದ್ದಾರೆ. ಊರು ಬದಲಾದುದರಿಂದ ಪ್ರಶ್ನೆ ಬದಲಾಗುವುದಿಲ್ಲ.

ಬೆಲೆ ಮತ್ತು ಋಣ ಒಂದೇ ಅಲ್ಲವೆಂಬುದನ್ನು ನಮ್ಮ ಮನೆಗಳಲ್ಲಿಯೇ ಕಾಣಬಹುದು. ಅಕ್ಕಿಯನ್ನು ಹಣ ಕೊಟ್ಟೇ ತರುತ್ತೇವೆ. ಆದರೂ ಊಟವಾದ ಮೇಲೆ "ಅನ್ನದಾತಾ ಸುಖೀ ಭವ" ಎನ್ನುತ್ತೇವೆ. ಹಣದಿಂದ ಅಕ್ಕಿಯ ಬೆಲೆ ಸಂದಿತು. ಬೆಳೆದವನು, ಬಡಿಸಿದವನು ಸುಖವಾಗಿರಲೆಂಬ ಹಾರೈಕೆ ಬೇರೆಯಾಗಿ ಉಳಿದಿತ್ತು, ಅದನ್ನೂ ಸಲ್ಲಿಸಬೇಕೆಂದು ಹಿರಿಯರು ಕಲಿಸಿದರು. ಅನ್ನ ಕೊಟ್ಟವನಿಗೆ ಈ ಮಾತುಂಟು. ಮಗನ ಮುಖವನ್ನು ಸಾವಿರಾರು ಮೈಲಿಗಳಾಚೆಯಿಂದ ತಂದು ತೋರಿಸುವ ವಸ್ತುವನ್ನು ಜೋಡಿಸಿದವರಿಗೆ ನಮ್ಮಲ್ಲಿ ಯಾವ ಮಾತೂ ಇಲ್ಲ. ಅವರ ನೆನಪೂ ಇಲ್ಲ.

ಈ ಮರೆವು ನಮ್ಮ ಜಿಲ್ಲೆಗೆ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಸಂಸ್ಥೆ ಕೋಲಾರದ ಚಿನ್ನದ ಗಣಿಗಳ ಕೆಲಸವನ್ನು ಕೈಗೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿಯೆಳೆದು ಆ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದುದು ಅದಕ್ಕೂ ಮೂರು ವರ್ಷಗಳ ತರುವಾಯ. ದಾರಿಯ ಹಳ್ಳಿಗಳು ತಮ್ಮ ತಲೆಯ ಮೇಲೆ ಹಾದುಹೋದ ತಂತಿಯ ಬೆಳಕನ್ನು ಕಾಣಲು ಬಹುಕಾಲ ಕಾಯಬೇಕಾಯಿತು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಬಂಡೆ ಒಡೆದವರಲ್ಲಿ ಅನೇಕರು ಕಲ್ಲಿನ ಧೂಳಿನಿಂದ ಶ್ವಾಸಕೋಶದ ರೋಗಕ್ಕೆ ತುತ್ತಾದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು ಉಳಿದುವು. ಚಿನ್ನವನ್ನು ಧರಿಸಿದವರು ಅದರ ಮಚ್ಚು, ಮಾಟ, ತೂಕಗಳನ್ನು ವಿಚಾರಿಸಿದರೇ ಹೊರತು ಯಾರ ಉಸಿರಿನ ಬೆಲೆಯಿಂದ ಅದು ಮೇಲೆ ಬಂದಿತೆಂದು ವಿಚಾರಿಸಿದವರು ವಿರಳ. ಫೋನಿನೊಳಗೂ ಅತ್ಯಲ್ಪ ಪ್ರಮಾಣದ ಚಿನ್ನವಿರುತ್ತದೆಂಬುದನ್ನು ಇಲ್ಲಿ ನೆನೆಯಬಹುದು.

ನಮ್ಮ ಸಿದ್ಧಾಂತದಲ್ಲಿ ಜಗತ್ತು ಸತ್ಯ. ಇದನ್ನು ನಾವು ವಾದದಲ್ಲಿ ಹೇಳುತ್ತೇವೆ, ಉಪನ್ಯಾಸಗಳಲ್ಲಿ ಕೇಳುತ್ತೇವೆ. ಆದರೆ ಜಗತ್ತು ಸತ್ಯವೆಂದು ಒಪ್ಪಿದವನು ಪರರ ದಣಿವೂ ಸತ್ಯವೆಂದು ಒಪ್ಪಬೇಕಾಗುತ್ತದೆ. ಜೀವ ಜೀವರಲ್ಲಿ ಭೇದವಿದೆಯೆಂದವನು, ತನಗೆ ನೋವಾಗದುದರಿಂದ ಇನ್ನೊಬ್ಬನಿಗೂ ನೋವಿಲ್ಲವೆಂದು ಹೇಳಲಾರನು. ರಾತ್ರಿಯ ಪಾಳಿಯಲ್ಲಿ ಕಣ್ಣಿಗೆ ಹತ್ತಿದ ಉರಿ ಅವಳದೇ, ಅದು ಮಿಥ್ಯೆಯಲ್ಲ. ಜಡವಾದ ಫೋನು ಕೆಳಗೆ ಬಿದ್ದರೆ ಎದೆ ಝಲ್ಲೆನ್ನುವ ನಮಗೆ, ಅದನ್ನು ಜೋಡಿಸಿದ ಜೀವದ ಯೋಗಕ್ಷೇಮ ಒಂದು ಸಲವೂ ನೆನಪಾಗದಿದ್ದರೆ, ಪಂಚಭೇದವನ್ನು ಬಾಯಲ್ಲಿ ಹೇಳುತ್ತ ನಡತೆಯಲ್ಲಿ ಜೀವಕ್ಕಿಂತ ಜಡವನ್ನು ಮೇಲಕ್ಕೇರಿಸಿದಂತಾಯಿತು.

ಹಾಗಾದರೆ ಗೃಹಸ್ಥರು ಮಾಡತಕ್ಕುದೇನು? ಫೋನನ್ನು ತ್ಯಜಿಸಬೇಕೆಂದು ನಾವು ಹೇಳುವುದಿಲ್ಲ. ತ್ಯಜಿಸಿದರೆ ದುಡಿಯುವವರ ಜೀವನವೇ ಹೋದೀತು. ಕೆಲವು ಸಣ್ಣ ನಿಯಮಗಳನ್ನು ಮಾತ್ರ ಸೂಚಿಸುತ್ತೇವೆ.

ಮೊದಲನೆಯದು, ಇರುವುದು ನಡೆಯುವಷ್ಟು ಕಾಲ ನಡೆಸುವುದು. ಗಾಜು ಬಿರಿದರೆ ಗಾಜನ್ನು, ಬ್ಯಾಟರಿ ಸವೆದರೆ ಬ್ಯಾಟರಿಯನ್ನು ಬದಲಾಯಿಸಬಹುದು. ಕೋಲಾರ, ಮಾಲೂರುಗಳ ಪೇಟೆಯಲ್ಲಿ ಕುಳಿತಿರುವ ರಿಪೇರಿಯವನಿಗೂ ಸಂಸಾರವಿದೆ. ನೆರೆಯವರು ಹೊಸದು ಕೊಂಡರೆಂದು ನಾವೂ ಕೊಳ್ಳುವುದು ದುಡಿದ ಕೈಗಳಿಗೆ ತೋರುವ ಗೌರವವಲ್ಲ.

ಎರಡನೆಯದು, ಇಷ್ಟು ಶ್ರಮದಿಂದ ಆದ ವಸ್ತುವನ್ನು ಯಾವ ಕಾರ್ಯಕ್ಕೆ ಬಳಸುತ್ತಿದ್ದೇವೆಂದು ದಿನಕ್ಕೊಮ್ಮೆ ಕೇಳಿಕೊಳ್ಳುವುದು. ಪಾಳಿಯುದ್ದಕ್ಕೂ ನಿಂತು ಒಬ್ಬಳು ಮಾಡಿದ ವಸ್ತು, ಪರನಿಂದೆಯನ್ನು ಊರಿಂದೂರಿಗೆ ಹರಡುವುದಕ್ಕೋ ಎದುರಿಗೆ ಕುಳಿತ ತಾಯಿಯ ಮಾತಿಗೆ ಕಿವುಡಾಗುವುದಕ್ಕೋ ಸಾಧನವಾದರೆ, ಆ ಶ್ರಮವನ್ನು ವ್ಯರ್ಥ ಮಾಡಿದವರು ನಾವೇ. ನಮ್ಮ ಮನಸ್ಸನ್ನು ಹಿಡಿದಿಡಲು ಯೋಚಿಸಿದವರ ಜಾಲದಿಂದ ಪಾರಾಗುವುದಕ್ಕೂ ಈ ಪ್ರಶ್ನೆಯೇ ಸಹಾಯಕ.

ಮೂರನೆಯದು, ದೂರದ ಯಜಮಾನನನ್ನು ದೂರುವ ಮೊದಲು ನಮ್ಮ ಮನೆಯ ವೇತನಗಳನ್ನು ನೋಡಿಕೊಳ್ಳುವುದು. ಅಡಿಗೆಯವರಿಗೆ, ಪಾತ್ರೆ ತೊಳೆಯುವವಳಿಗೆ, ಸಮಾರಂಭದಲ್ಲಿ ಬಡಿಸಲು ಬಂದ ಹುಡುಗರಿಗೆ ಒಪ್ಪಿದ ಹಣ ಒಪ್ಪಿದ ದಿನವೇ ಸಲ್ಲುತ್ತಿದೆಯೇ? "ನಾಳೆ ಬಾ" ಎನ್ನುವುದು ನಮಗೆ ಹಗುರವಾದ ಮಾತು. ಕೇಳಿಸಿಕೊಂಡವರಿಗೆ ಅದು ಒಂದು ಹೊತ್ತಿನ ಒಲೆ. ಅದೇ ಫೋನಿನಿಂದ ಈಗ ಕ್ಷಣಮಾತ್ರದಲ್ಲಿ ಹಣ ಕಳುಹಿಸಬಹುದಾಗಿರುವಾಗ ತಡಕ್ಕೆ ನೆಪವೂ ಉಳಿದಿಲ್ಲ.

ನಾಲ್ಕನೆಯದು, ನೆರೆಯಲ್ಲಿರುವವರನ್ನು ಕಾಣುವುದು. ಕಾರ್ಖಾನೆಗಳ ಬಸ್ಸುಗಳು ಹೊತ್ತು ಮೂಡುವ ಮುನ್ನ ನಮ್ಮ ಬೀದಿಗಳಲ್ಲಿ ಹಾದುಹೋಗುತ್ತವೆ. ಬೇರೆ ಊರುಗಳಿಂದ ಬಂದ ಹುಡುಗಿಯರು ನಮ್ಮ ಊರುಗಳಲ್ಲಿ ಬಾಡಿಗೆಗೆ ಕೊಠಡಿ ಹಿಡಿದು ಇರುತ್ತಾರೆ. ಬಾಡಿಗೆಯನ್ನು ಮಾತ್ರ ಎಣಿಸಿಕೊಳ್ಳದೆ, "ಊಟವಾಯಿತೇನಮ್ಮ, ಸಂಬಳ ಸರಿಯಾಗಿ ಬಂತೇ?" ಎಂದು ವಿಚಾರಿಸುವುದಕ್ಕೆ ಯಾವ ಖರ್ಚೂ ಇಲ್ಲ.

ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಸನ್ನಿಹಿತರಾಗಿರುವ ಶ್ರೀಶ್ರೀಪಾದರಾಜರು, ಸಂಸ್ಕೃತವನ್ನರಿಯದ ಜನರಿಗೂ ತತ್ತ್ವಾರ್ಥ ದೊರೆಯಲೆಂದು ಕನ್ನಡದಲ್ಲಿ ಹಾಡಿದವರು. ಜ್ಯೇಷ್ಠ ಶುದ್ಧ ಚತುರ್ದಶಿಯಂದು ಅವರ ಆರಾಧನೆಗೆ ನಮ್ಮಲ್ಲಿ ಕೆಲವರು ಅದೇ ಹೆದ್ದಾರಿಯಲ್ಲಿ, ಅದೇ ಕಾರ್ಖಾನೆಯ ಬಳಿಯಿಂದಲೇ ಹಾದು ಬರುತ್ತಾರೆ. ಬೃಂದಾವನದ ಚಿತ್ರವನ್ನು ಫೋನಿನಲ್ಲಿ ತೆಗೆದು ಬಾರದಿದ್ದ ಬಂಧುಗಳಿಗೆ ಕಳುಹಿಸುತ್ತೇವೆ. ಆ ಸಂದರ್ಭದಲ್ಲಿ ಬಂಧುಗಳ ಕ್ಷೇಮಕ್ಕಾಗಿ ಪ್ರಾರ್ಥಿಸುವಾಗ, ಆ ಚಿತ್ರ ಅವರನ್ನು ಮುಟ್ಟುವಂತೆ ದುಡಿದವರ ಕ್ಷೇಮವನ್ನೂ ಅದರಲ್ಲಿ ಸೇರಿಸಿಕೊಳ್ಳೋಣ. ಜಡವನ್ನು ಜಡವೆಂದು, ಜೀವರನ್ನು ಜೀವರೆಂದು ಕಂಡು ನಡೆಯುವ ವಿವೇಕವನ್ನು ಶ್ರೀಹರಿವಾಯುಗುರುಗಳು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲೆಂದು ಬೇಡುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.